ಈಜಿ ದಡ ಸೇರಿದ ನಾಯಕಿ

ಕನ್ನಡ ಅಧ್ಯಾಪಕಿ ಸರ್ವಮಂಗಳಾ ಮೇಡಂ ವಿದ್ಯಾರ್ಥಿನಿ ನಾಗವೇಣಿಯನ್ನು ಸ್ಟಾಫ್ ರೂಮಿಗೆ ಕರೆಸಿ, ಅವಳ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಎಸೆದರು.

“ಕಾದಂಬರಿಯ ಕೊನೇಲಿ ನಾಯಕಿ ಹೊಳೆಗೆ ಹಾರಿ ಸಾಯ್ತಾಳೆ. ನೀನೇನು ಬರ್ದಿದ್ದೀಯ? ಈಜಿ ದಡ ಸೇರಿ ಅಂಬಿಗನ ಜೊತೆ ಓಡಿಹೋದ್ಲು ಅಂತ!”

“ಆನ್‌ಲೈನ್‌ನಲ್ಲಿ ಹಂಗೇ ಇದೆ ಮೇಡಂ. ಆ ಕಾದಂಬರಿಯ ಅಭಿಮಾನಿಗಳ ಗುಂಪಲ್ಲಿ ‘ಹೊಳೆಮಲ್ಲಿಗೆ’ ಅನ್ನೋರು ಕಥೆ ಮುಂದುವರಿಸ್ತಿದ್ದಾರೆ. ನಮ್ಮ ಹಾಸ್ಟೆಲಲ್ಲಿ ಎಲ್ರೂ ಅದನ್ನೇ ಓದೋದು.”

“ಪಠ್ಯಪುಸ್ತಕ ಓದಲ್ವಾ?”

“ಓದಿದ್ದೆ ಮೇಡಂ. ಆ ಲೇಖಕರಿಗೆ ಅವಳನ್ನ ಸಾಯಿಸೋದು ಬಿಟ್ರೆ ಬೇರೇನೂ ತೋಚಲಿಲ್ಲ. ಹೊಳೆಮಲ್ಲಿಗೆಯವರು ಪಾಪ, ಅವಳಿಗೆ ಈಜು ಕಲಿಸಿದ್ರು.”

ಮೇಡಂ ಕೆಂಪು ಪೆನ್ನಿನಿಂದ ದೊಡ್ಡದೊಂದು ಸೊನ್ನೆ ಸುತ್ತಿದರು. ನಾಗವೇಣಿಯ ಕಣ್ಣು ತುಂಬಿತು. ಫೇಲಾದರೆ ಅಪ್ಪ ಮೊಬೈಲ್ ಕಿತ್ತುಕೊಳ್ಳುವುದು ಖಂಡಿತ. ಆಮೇಲೆ ಕಥೆ ಏನಾಯಿತೆಂದು ತಿಳಿಯುವುದಾದರೂ ಹೇಗೆ?

ಮೇಡಂ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ದನಿ ತಗ್ಗಿಸಿದರು.

“ಅಳ್ಬೇಡ, ಇನ್ನೊಂದು ಟೆಸ್ಟ್ ಕೊಡ್ತೀನಿ. ಈಗ ಹೇಳು, ಈ ವಾರ ಅವಳಿಗೂ ಅಂಬಿಗನಿಗೂ ಮದುವೆ ಮಾಡಿಸ್ಲಾ, ಇನ್ನೂ ಸ್ವಲ್ಪ ದಿನ ಹಿಂಗೇ ಸುತ್ತಾಡೋಕೆ ಬಿಡ್ಲಾ?”