ಒಣಗದ ಕಪ್ಪು ಬಣ್ಣ

ಇವತ್ತು ನಮ್ಮ ಮನೆಯ ಗೇಟಿಗೆ ಬಣ್ಣ ಬಳಿದಿದ್ದಾರೆ, ಆ ವಾಸನೆಗೆ ನಾನು ಹೊರಗೆ ಹೋಗಿಲ್ಲ.

ಚಾಮರಾಜಪೇಟೆಯಲ್ಲಿ ಅಪ್ಪನಿಗೆ ನಂಬರ್ ಪ್ಲೇಟ್ ಬರೆಯುವ ಅಂಗಡಿಯಿತ್ತು. ನನಗಾಗ ಎಂಟು ವರ್ಷ. ಕಾವೇರಿ ನೀರಿನ ಗಲಾಟೆಯ ದಿನಗಳು. ತಮಿಳುನಾಡಿನ ಗಾಡಿ ಕಂಡರೆ ಕಲ್ಲು ಬೀಳುತ್ತಿತ್ತು. ಮಧ್ಯಾಹ್ನ ಹೊಸೂರಿನ ವ್ಯಾನ್ ಡ್ರೈವರ್ ಒಬ್ಬ ಬಂದು ಕೈಮುಗಿದ.

"ಅಣ್ಣಾ, ಟಿಎನ್ ಅಳಿಸಿ ಕೆಎ ಬರ್ದ್ಬಿಡಿ. ಊರು ದಾಟಿದ್ರೆ ಸಾಕು."

"ತಪ್ಪು ಕೆಲ್ಸ ಕಣಯ್ಯಾ" ಎನ್ನುತ್ತಲೇ ಅಪ್ಪ ಹಳೆಯ ಅಕ್ಷರಗಳನ್ನು ಥಿನ್ನರಿನಿಂದ ಒರೆಸಿ, ಹಳದಿಯ ಮೇಲೆ ಕಪ್ಪಿನಲ್ಲಿ ಹೊಸದಾಗಿ ಬರೆದರು. "ಒಂದ್ ಗಂಟೆ ಒಣಗ್ಲಿ" ಎಂದು ಒಳಗೆ ಹೋದರು. ಡ್ರೈವರ್ ವ್ಯಾನಿನೊಳಗೆ ಕುಳಿತ.

ಸ್ವಲ್ಪ ಹೊತ್ತಿಗೆ ದೊಣ್ಣೆ ಹಿಡಿದ ಐದಾರು ಮಂದಿ ಬಂದರು. ಒಬ್ಬ ಬಗ್ಗಿ ಪ್ಲೇಟ್ ನೋಡಿ, "ನಮ್ದೇ ಗಾಡಿ, ನಡಿ ಮಗಾ" ಎಂದ. ಏಳುವಾಗ ಅವನ ಕೈ ಪ್ಲೇಟಿನತ್ತ ಹೋಯಿತು. ಹಸಿ ಅಕ್ಷರ ಕಾಯುವುದು ಅಂಗಡಿಯಲ್ಲಿ ನನ್ನ ಕೆಲಸ. ಎಲ್ಲ ಗಿರಾಕಿಗಳಿಗೂ ಹೇಳುವಂತೆ ಹೇಳಿದೆ:

"ಮುಟ್ಬೇಡಿ ಅಂಕಲ್, ಇನ್ನೂ ಒಣಗಿಲ್ಲ."

ಅವನು ನನ್ನನ್ನು ನೋಡಿದ. ಆಮೇಲೆ ಬೆರಳಿನಿಂದ ಅಕ್ಷರ ಒರೆಸಿ ನೋಡಿದ. "ಜಾಣೆ ಪುಟ್ಟಿ" ಎಂದು ನಕ್ಕು, ಡ್ರೈವರನ್ನು ಕೆಳಗೆಳೆದು, ಆ ಬೆರಳನ್ನು ಅವನ ಕೆನ್ನೆಗೆ ಉಜ್ಜಿದ. ಉಳಿದವರು ಹೊಡೆಯತೊಡಗಿದರು.

"ಅಣ್ಣಾ, ನೀವಾದ್ರೂ ಹೇಳಣ್ಣಾ!" ಎಂದು ಡ್ರೈವರ್ ಕೂಗಿದ.

ಅಪ್ಪ ಹೊಸ್ತಿಲಿಗೆ ಬಂದರು.

"ಯಾವನು ಬರ್ದಿದ್ದು ಇದನ್ನ?" ಎಂದು ಬೆರಳಿಗೆ ಬಣ್ಣ ಹತ್ತಿದ್ದವನು ಕೇಳಿದ.

"ಗೊತ್ತಿಲ್ಲ ಸಾರ್. ಬಣ್ಣ ಕೇಳ್ದ, ಕೊಟ್ಟೆ. ಅವ್ನೇ ಬರ್ಕೊಂಡ."

"ಹೌದೇನಮ್ಮಾ?" ಎಂದು ಅವನು ನನ್ನ ಕಡೆ ತಿರುಗಿದ.

ಕೆಳಗೆ ಬಿದ್ದಿದ್ದ ಡ್ರೈವರ್ ನನ್ನನ್ನೇ ನೋಡುತ್ತಿದ್ದ. ನಾನು ಹೌದೆಂದು ತಲೆಯಾಡಿಸಿದೆ.