ಕಿವಿಯಪ್ಪನ ಎಡಗಡೆ

"ಸಿಕ್ಕಿದ ಸಾರ್! ಎಡಗಡೆ ಇದ್ದಾನೆ, ಕುಟ್ತಾ ಇದ್ದಾನೆ!"

ಪರದೆಯ ಮೇಲಿನ ಬಾಣ ಎಡಕ್ಕೆ ತಿರುಗಿದ್ದೇ ತಡ, ತಂತ್ರಜ್ಞೆ ಕೂಗಿಕೊಂಡಳು. ಕುಸಿದ ಗೋದಾಮಿನಡಿ ಸಿಕ್ಕಿಕೊಂಡವನು ಬೇರೆ ಯಾರೂ ಅಲ್ಲ, ಪೈಪು ರಿಪೇರಿಗೆಂದು ನೆಲಮಾಳಿಗೆಗೆ ಇಳಿದಿದ್ದ ಅವಳ ಒಡಹುಟ್ಟಿದ ತಮ್ಮ. ಮನೆಯವರ ಬಾಯಲ್ಲಿ ಗುಂಡ. ಕಲ್ಲುಮಣ್ಣಿನ ರಾಶಿಗೆ ಮುಖಮಾಡಿ ನಿಂತಿದ್ದ ರೋಬೋಟಿನ ತಲೆಯ ಸುತ್ತ ಎಂಟು ಮೈಕುಗಳು. ಸದ್ದು ಯಾವ ಕಡೆಯಿಂದ ಬಂತೆಂದು ಅದು ಬಾಣದಲ್ಲಿ ತೋರಿಸುತ್ತದೆ. ರಕ್ಷಣಾ ದಳದವರು ಅದಕ್ಕೆ ಕಿವಿಯಪ್ಪ ಎಂದು ಹೆಸರಿಟ್ಟಿದ್ದರು. ಅವಳು ಅದರ ಬೆನ್ನ ಹಿಂದೆಯೇ ನಿಂತಿದ್ದಳು.

"ಹಾಗಾದ್ರೆ ಬಲಗಡೆ ಖಾಲಿ. ಕ್ರೇನ್ ಅಲ್ಲಿ ನಿಲ್ಸ್ರಪ್ಪಾ," ಎಂದ ದಳದ ಮುಖ್ಯಸ್ಥ.

ಕ್ರೇನು ಗುಡುಗುತ್ತಾ ಬಲಗಡೆಯ ಕಾಂಕ್ರೀಟಿನ ಮೇಲೆ ಹತ್ತಿ ನಿಂತಿತು. ಇನ್ನೊಮ್ಮೆ ಕಿವಿಗೊಡಲೆಂದು ಇಂಜಿನ್ ಆಫ್ ಮಾಡಿಸಿದರು. ಚಾಲಕ ಕ್ಯಾಬಿನ್ನಿನ ಬಾಗಿಲನ್ನು ದಢಾರನೆ ಎಳೆದುಕೊಂಡ.

ಬಾಣ ಎಡಕ್ಕೆ ಹಾರಿತು.

ಅವಳು ಬಾಣವನ್ನು ನೋಡಿ, ಕ್ರೇನಿನತ್ತ ತಿರುಗಿದಳು. ಬಾಗಿಲು ಬಡಿದದ್ದು ಬಲಗಡೆಯಲ್ಲವೇ! ಹೊರಡುವ ಮುನ್ನ ಕಿವಿಯಪ್ಪನಿಗೆ ದಿಕ್ಕು ಕಲಿಸಿದವಳು ಅವಳೇ. ಅದರ ಒಂದೊಂದು ಪಕ್ಕದಲ್ಲೂ ಚಪ್ಪಾಳೆ ತಟ್ಟಿ, ಇದು ಎಡ, ಇದು ಬಲ ಎಂದು ಕಂಪ್ಯೂಟರಿಗೆ ತಿಳಿಸಬೇಕು. ಒಳಗಿರುವುದು ಗುಂಡ ಎಂದು ಕೇಳಿದ ಮೇಲೆ ಅವಳ ಬುದ್ಧಿ ಅವಳ ಕೈಲಿರಲಿಲ್ಲ. ಕಿವಿಯಪ್ಪನಿಗೆ ಎದುರಾಗಿ ನಿಂತು, ತನ್ನ ಎಡವನ್ನೇ ಅದರ ಎಡವೆಂದು ಹೇಳಿಬಿಟ್ಟಿದ್ದಳು. ಅಯ್ಯೋ, ತರಬೇತಿಯ ಮೊದಲ ದಿನದ ಪಾಠವನ್ನೇ ಮರೆತಿದ್ದಳಲ್ಲ!

"ಸಾರ್... ತಪ್ಪಾಗೋಯ್ತು ಸಾರ್. ಎಡ ಬಲ ಅದಲುಬದಲಾಗಿದೆ. ಅವನು ಎಡಗಡೆ ಇಲ್ಲ."

"ಮತ್ತೆಲ್ಲಿದ್ದಾನಮ್ಮಾ?"

ಅವಳು ಕ್ರೇನಿನ ಚಕ್ರಗಳತ್ತ ಕೈ ತೋರಿಸಿದಳು.

ಮುಖ್ಯಸ್ಥ ದನಿ ತಗ್ಗಿಸಿದ. "ಇನ್ನೂ... ಕುಟ್ತಾ ಇದ್ದಾನಾ?"

ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. "ಇದ್ದಾನೆ ಸಾರ್. ಮೊದ್ಲು ನಿಧಾನ ಕುಟ್ತಿದ್ದ. ಈಗ ಬೇಗ ಬೇಗ ಕುಟ್ತಿದ್ದಾನೆ."

ಏನೂ ತಿಳಿಯದ ಚಾಲಕ ಮೇಲಿನಿಂದ ಕೇಳಿದ: "ಸಾರ್, ಏನಾಯ್ತು? ಹಿಂದಕ್ಕೆ ತಗೊಳ್ಲಾ, ಇಳಿದು ಬರ್ಲಾ?"

"ಅಲ್ಲಾಡಬೇಡ!" ಅವಳು ಚೀರಿದಳು. "ನಿನ್ನ ಕಾಲಿಗೆ ಬೀಳ್ತೀನಣ್ಣಾ, ಅಲ್ಲಾಡಬೇಡ!"

ಬಾಗಿಲು ತೆರೆಯಲೆಂದು ಅದರ ಹಿಡಿಯ ಮೇಲೆ ಕೈಯಿಟ್ಟಿದ್ದ ಚಾಲಕ, ಹಿಡಿಯನ್ನು ಬಿಡುವುದಕ್ಕೂ ಹೆದರಿ ಹಾಗೆಯೇ ಕೂತ.