ಕೇಂದ್ರದ ಹೆಸರಿನಲ್ಲಿ ಬಂದ ಮೇಲ್

"ಇದನ್ನ ಕಳಿಸಿದ್ದು ನೀವು ತಾನೇ?" ಅನಂತರಾಮು ಪ್ರಿಂಟ್ ತೆಗೆಸಿಕೊಂಡು ಬಂದಿದ್ದ ಮೇಲ್ ಅನ್ನು ಚೂಡಾಮಣಿಯವರ ಮೇಜಿನ ಮೇಲೆ ಹಾಕಿದರು.

ಜಯನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ವಧೂವರ ಕೇಂದ್ರ ನಡೆಸುತ್ತಿರುವ ಚೂಡಾಮಣಿ ಕನ್ನಡಕ ಹಾಕಿಕೊಂಡು ಓದಿದರು. 'ಜಾತಕ ಚೆನ್ನಾಗಿಯೇ ಕೂಡುತ್ತದೆ. ಆದರೆ ತಮ್ಮ ಚಿರಂಜೀವಿ ಹುಡುಗಿ ನೋಡಲು ಹೋದವನು ಫೋನಿನಿಂದ ತಲೆ ಎತ್ತಲಿಲ್ಲವಂತೆ. ಅದೊಂದನ್ನು ತಿದ್ದಿಕೊಂಡರೆ ಒಳ್ಳೆಯ ಸಂಬಂಧ ಖಂಡಿತ.' ಕೆಳಗೆ ಕೇಂದ್ರದ್ದೇ ಹೆಸರು, ಕೇಂದ್ರದ್ದೇ ವಿಳಾಸ. ಬೇಡವೆನಿಸಿಕೊಂಡವರಿಗೆಲ್ಲ ಆಕೆ ಕಳಿಸುತ್ತಿದ್ದದ್ದು ಒಂದೇ ಸಾಲು: ಜಾತಕ ಕೂಡಿಬರಲಿಲ್ಲ. ಯಾರಿಗೂ ಬೇಜಾರಿಲ್ಲ, ತಪ್ಪನ್ನೆಲ್ಲ ಶನಿ, ಕುಜರು ಹೊತ್ತುಕೊಳ್ಳುತ್ತಿದ್ದರು.

"ನಾನಲ್ಲ ಸಾರ್. ಯಾರೋ ನಮ್ಮ ಹೆಸರಲ್ಲಿ ಕಳಿಸಿದಾರೆ."

"ಹಾಗಾದ್ರೆ ನನ್ನ ಮಗನ ವಿಷಯ ಎಲ್ಲ ಯಾರ ಕೈಗೆ ಹೋಗಿದೆ? ಇನ್ನೊಂದು ಇಂಥದ್ದು ಬಂದ್ರೆ ಅವನ ಹೆಸರು ವಾಪಸ್ ತಗೋತೀನಿ. ನಮ್ಮ ಕಡೆಯ ಹತ್ತು ಮನೆಯವರೂ ತಗೋತಾರೆ."

ಮಾರನೆಯ ದಿನವೇ ಜೆ.ಪಿ. ನಗರದಿಂದ ಪ್ರಕೃತಿ ಲ್ಯಾಪ್‌ಟಾಪ್ ಹೊತ್ತು ಬಂದಳು. ಸಣ್ಣಪುಟ್ಟ ಆಫೀಸುಗಳ ಮೇಲ್ ಸರಿಮಾಡಿಕೊಡುವುದೇ ಅವಳ ಕೆಲಸ.

"ಆಂಟಿ, ಇಲ್ಲಿಂದ ಬೇರೆ ಯಾರಾದ್ರೂ ಮೇಲ್ ಕಳಿಸ್ತಾರಾ?"

"ನಾನೊಬ್ಬಳೇ ಕಣಮ್ಮ."

"ಸರಿ. ನಿಮ್ಮ ಹೆಸರಲ್ಲಿ ಯಾರು ಕಳಿಸಬಹುದು ಅಂತ ಒಂದು ಪಟ್ಟಿ ಹಾಕಿದೀನಿ. ನಿಮ್ಮ ಮೇಲ್‌ಗೆಲ್ಲ ಒಂದು ಸೀಲ್ ಬೀಳುತ್ತೆ. ಪಟ್ಟೀಲಿಲ್ಲದೋರು ಕಳಿಸಿದ್ರೆ ಬಾಗಿಲಲ್ಲೇ ವಾಪಸ್."

"ಮನೆತನ ವಿಚಾರಿಸಿ ಒಳಗೆ ಬಿಡೋದು ಅನ್ನು. ನಾನು ಮಾಡೋದೂ ಅದೇ ಅಲ್ವೇನೇ?" ಚೂಡಾಮಣಿಗೆ ಈ ವಿದ್ಯೆ ಬಹಳ ಹಿಡಿಸಿತು.

ಕಾಫಿ, ಕೋಡುಬಳೆ ಮುಗಿಯುವ ಹೊತ್ತಿಗೆ ಒಳಗಿನ ಕೋಣೆಯಿಂದ ಆಕೆಯ ಪತಿ ಜಯಸಿಂಹ ಹೊರಬಂದರು. ಕೇಂದ್ರಕ್ಕೆ ಜಾತಕ ನೋಡಿಕೊಡುವವರು ಅವರೇ.

"ಚೂಡಾ, ನಾನು ಕಳಿಸಿದ ಮೇಲ್ ಎಲ್ಲ ವಾಪಸ್ ಬರ್ತಿದೆಯಲ್ಲ. ನೆಟ್ ಹೋಗಿದ್ಯಾ?"

ಇಬ್ಬರೂ ಅವರತ್ತ ತಿರುಗಿದರು. ಸಿಕ್ಕಿಬಿದ್ದ ಮೇಲೆ ಜಯಸಿಂಹ ಏನನ್ನೂ ಮುಚ್ಚಿಡಲಿಲ್ಲ. ಹಳೆಯ ವೆಬ್‌ಸೈಟ್ ಮಾಡಿಕೊಟ್ಟವನು ಬಿಟ್ಟುಹೋಗಿದ್ದ ಸರ್ವರ್‌ನಿಂದ ಆರು ತಿಂಗಳಿಂದ ನಿಜವಾದ ಕಾರಣ ಬರೆದು ಕಳಿಸುತ್ತಿದ್ದಾರಂತೆ.

"ನೀನು ಒಂದು ಸಾಲು ಬರೆದು ಕೈ ತೊಳ್ಕೋತೀಯ. ಅವರೆಲ್ಲ ನನ್ನ ಹತ್ರ ಬಂದು ದೋಷಕ್ಕೆ ಶಾಂತಿ ಏನು ಅಂತ ಕೇಳ್ತಾರೆ. ಇಲ್ಲದ ದೋಷಕ್ಕೆ ಯಾವ ಶಾಂತಿ ಹೇಳ್ಲಿ?"

"ನಿಜ ಹೇಳ್ತಾ ಹೋದ್ರೆ ಕೇಂದ್ರ ಮುಚ್ಚಬೇಕಾಗತ್ತೆ ರೀ! ಪ್ರಕೃತಿ, ಇವರದು ಬಂದ್ ಆಗೇ ಇರಲಿ."

ಪ್ರಕೃತಿ ಲ್ಯಾಪ್‌ಟಾಪ್ ಮುಚ್ಚಲಿಲ್ಲ. "ಅಂಕಲ್, ಎರಡು ವರ್ಷದ ಹಿಂದೆ ನನ್ನ ಜಾತಕಾನೂ ಇಲ್ಲೇ ಇತ್ತು. ಕೂಡಿಬರಲಿಲ್ಲ ಅಂತ ಮೂರು ಸಲ ಬಂತು. ಅಮ್ಮ ನನ್ನ ಕೈಲಿ ಇಪ್ಪತ್ತೊಂದು ಶನಿವಾರ ಉಪವಾಸ ಮಾಡಿಸಿದ್ರು. ನನಗೆ ಯಾವ ದೋಷ ಇತ್ತು?"

ಚೂಡಾಮಣಿ ಕಾಫಿ ಲೋಟಗಳನ್ನು ಎತ್ತಿಡಲು ಶುರು ಮಾಡಿದರು.

"ಪುನರ್ವಸು ನಕ್ಷತ್ರ ಅಲ್ವೇನಮ್ಮ? ಬಂಗಾರದಂಥ ಜಾತಕ," ಎಂದರು ಜಯಸಿಂಹ. "ಹುಡುಗಿ ಜೋರಾಗಿ ನಗ್ತಾಳೆ ಅಂತ ಬೇಡ ಅಂದ್ರು. ಮೂರು ಮನೆಯವರೂ."

ಪ್ರಕೃತಿ ನಕ್ಕಳು. ಎದುರು ಮನೆಯವರು ಕಿಟಕಿ ತೆಗೆದು ನೋಡುವಷ್ಟು ಜೋರಾಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಲೋಟ ಹಿಡಿದು ನಿಂತಿದ್ದ ಚೂಡಾಮಣಿ ಆ ನಗು ನಿಲ್ಲುವವರೆಗೂ ಕಾದರು.

"ಪಟ್ಟೀಲಿ ಅವರನ್ನ ಹಾಕಮ್ಮ," ಎಂದರು. "ನನ್ನನ್ನ ತೆಗೆದುಬಿಡು."